ಗುಲಗಂಜಿಯಷ್ಟು ಜಾಗ

ಕೊಡಗಿನ ಬೆಟ್ಟಗಳಿಂದಿಳಿದು ಬರುವ ಕಾವೇರಿಯೂ, ವಯನಾಡಿನ ಕಾಡುಗಳಲ್ಲಿ ಹುಟ್ಟಿ ನಂಜನಗೂಡಿನ ಸೋಪಾನಗಳನ್ನು ತೊಳೆದು ಹರಿಯುವ ಕಪಿಲೆಯೂ ಒಂದನ್ನೊಂದು ಕೂಡುವ ಎಡೆಯಲ್ಲಿ ತಿರುಮಕೂಡಲು ನರಸೀಪುರವಿದೆ. ಕೂಡಲು ಎಂಬ ಮಾತಿಗೆ ಸಂಗಮವೆಂದೇ ಅರ್ಥ. ಕಣ್ಣಿಗೆ ಕಾಣುವ ನದಿಗಳು ಎರಡೇ ಆದರೂ ಅಲ್ಲಿಯ ಜನ ಅದನ್ನು ತ್ರಿವೇಣೀ ಸಂಗಮವೆಂದು ಕರೆಯುತ್ತಾರೆ. ಮೂರನೆಯದು ಗುಪ್ತವಾಗಿರುವ ಸ್ಫಟಿಕ ಸರೋವರವೆಂದು ಸ್ಥಳಪುರಾಣ ಹೇಳುತ್ತದೆ. ಆ ತೀರದಲ್ಲಿ ನೆಲೆಸಿರುವ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿದೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿ ನೋಡಿದರೆ ಇದು ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂಬುದು ಅದರ ತಾತ್ಪರ್ಯವಂತೆ. ತಮ್ಮ ಊರನ್ನು ಹೊಗಳಿಕೊಳ್ಳುವಾಗ ಮಲೆಯಷ್ಟು, ಕಡಲಷ್ಟು ಎನ್ನದೆ, ಅಕ್ಕಸಾಲಿಯ ತಕ್ಕಡಿಗೆ ಹೊರತು ಬೇರೆಲ್ಲಿಯೂ ಲೆಕ್ಕಕ್ಕೆ ಬಾರದ ಒಂದು ಬೀಜದಷ್ಟು ಎಂದು ಹೇಳಿದ ಆ ಹಳಬರ ಮಿತವಾಕ್ಕು ನನಗೆ ಬಹಳ ಪ್ರಿಯವಾದದ್ದು.

ಈ ಲೇಖನದ ವಿಷಯವೂ ಗುಲಗಂಜಿಯಷ್ಟೇ ಅಳತೆಯ ಒಂದು ಜಾಗವನ್ನು ಕುರಿತದ್ದು. ಮಿದುಳಿನ ಆಳದಲ್ಲಿ, ಥಲಾಮಸ್ ಎಂಬ ಭಾಗದೊಳಗೆ, ಕೆಲವೇ ಮಿಲಿಮೀಟರು ಅಗಲದ ಒಂದು ಬಿಂದುವಿದೆ. ಅಲ್ಲಿಯ ನರಗಳ ತಾಳ ತಪ್ಪಿದಾಗ ಮನುಷ್ಯನ ಕೈ ನಡುಗುತ್ತದೆ. ಬುರುಡೆಯನ್ನು ಕೊರೆಯದೆ, ಕತ್ತಿಯನ್ನಾಗಲಿ ಸೂಜಿಯನ್ನಾಗಲಿ ಒಳಗೆ ಬಿಡದೆ, ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ನಾನಾ ದಿಕ್ಕುಗಳಿಂದ ಹರಿಸಿ ಆ ಒಂದು ಬಿಂದುವಿನಲ್ಲಿ ಕೂಡಿಸಿ, ನಡುಕವನ್ನು ನಿಲ್ಲಿಸುವ ವಿದ್ಯೆ ಈಗ ಲೋಕದಲ್ಲಿ ಪ್ರಚಾರಕ್ಕೆ ಬಂದಿದೆ. ಸುಡದೆ, ನೋಯಿಸದೆ, ಮಿದುಳನ್ನು ಕೊಂಚ ಮಾತ್ರ ಎಚ್ಚರಿಸುವ ಅಥವಾ ತಣಿಸುವ ಇನ್ನೊಂದು ಪ್ರಯೋಗವೂ ಅದರ ಬೆನ್ನಿಗೇ ಬೆಳೆಯುತ್ತಿದೆ. ಇದರ ಚರಿತ್ರೆಯನ್ನು ಓದುತ್ತ ಹೋದಂತೆ ಮತ್ತೆ ಮತ್ತೆ ನನ್ನ ಮನಸ್ಸು ಕಪಿಲಾತೀರಕ್ಕೇ ಹಿಂದಿರುಗಿತು. ತಲೆಯ ವ್ಯಾಧಿಗೆ ಹೊರಗಿನಿಂದಲೇ ಪರಿಹಾರ ಹುಡುಕುವ ಪದ್ಧತಿ ಆ ತೀರಕ್ಕೆ ಹೊಸತೇನೂ ಅಲ್ಲ.

ಮೈಸೂರು ರಾಜ್ಯದ ಪುರಾತತ್ತ್ವಜ್ಞರಾಗಿದ್ದ ಎಂ. ಶೇಷಾದ್ರಿಯವರು 1959ರಿಂದ 1965ರವರೆಗಿನ ಅವಧಿಯಲ್ಲಿ ನರಸೀಪುರದ ಸಂಗಮದ ಬಳಿ ಉತ್ಖನನ ನಡೆಸಿದಾಗ ನವಶಿಲಾಯುಗದ ಜನವಸತಿಯೊಂದು ಬೆಳಕಿಗೆ ಬಂದಿತು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಷ್ಟು ಹಿಂದಿನ ಆ ನೆಲದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಬೂದುಬಣ್ಣದ ಮಡಕೆಗಳೂ ದೊರೆತವು. ಅವುಗಳ ಜೊತೆಗೆ ವಿಚಿತ್ರವಾದ ಒಂದು ವಸ್ತು ಸಿಕ್ಕಿತು: ಸುಟ್ಟ ಮಣ್ಣಿನ ತಲೆದಿಂಬು. ಅದೇ ತಾಲ್ಲೂಕಿನ ಹೆಮ್ಮಿಗೆಯಲ್ಲಿಯೂ ಇಂತಹುದು ದೊರೆತಿದೆ. ಪ್ರಾಚೀನ ಈಜಿಪ್ಟಿನ ತಲೆದಿಂಬುಗಳನ್ನು ಇವು ಹೋಲುತ್ತವೆಂದು ವಿದ್ವಾಂಸರು ಬೆರಗಾದರು. ಹೆಚ್ಚುಕಡಮೆ ಅದೇ ಯುಗಕ್ಕೆ ಸೇರಿದ ಕಾಶ್ಮೀರದ ಬುರ್ಜಹೋಮಿನಲ್ಲಿ ಮಾತ್ರ ಬೇರೊಂದು ಬಗೆಯ ಸಾಕ್ಷ್ಯ ಸಿಕ್ಕಿತು. ಅಲ್ಲಿ ಮಣ್ಣಿನಿಂದೆತ್ತಿದ ಮನುಷ್ಯನ ಬುರುಡೆಯೊಂದರಲ್ಲಿ ಸಾಲಾಗಿ ಕೊರೆದ ರಂಧ್ರಗಳಿದ್ದವು. ಒಂದು ಕಡೆ ತಲೆಯನ್ನು ಕೊರೆದವರು, ಇನ್ನೊಂದು ಕಡೆ ತಲೆಗೆ ಮಣ್ಣಿನ ಆಸರೆ ಕೊಟ್ಟವರು. ಇದರಿಂದ ಜನಾಂಗಗಳ ಸ್ವಭಾವವನ್ನು ನಿರ್ಣಯಿಸುವುದು ಅವಿವೇಕವಾದೀತು. ಆದರೂ ತಲೆಯನ್ನು ಕುರಿತ ಚಿಕಿತ್ಸೆಯ ಎರಡು ದಾರಿಗಳು ಈ ಎರಡು ಗುಂಡಿಗಳಲ್ಲಿ ಎದುರುಬದುರಾಗಿ ಕಾಣುತ್ತವೆಂದು ಹೇಳಿದರೆ ತಪ್ಪಾಗಲಾರದು.

ನರಸೀಪುರದಿಂದ ಕಪಿಲೆಯ ಜಾಡನ್ನು ಹಿಡಿದು ಮೇಲಕ್ಕೆ ಹೋದರೆ ನಂಜನಗೂಡು. ಗರಳಪುರಿಯೆಂಬ ಹಳೆಯ ಹೆಸರುಳ್ಳ ಆ ಊರಿನ ದೇವರು ಹಾಲಾಹಲವನ್ನು ಕಂಠದಲ್ಲಿ ತಡೆದವನು. ನಂಜನ್ನು ಉಂಡವನಾದ್ದರಿಂದ ಜನರ ನಂಜನ್ನೂ ಉಣ್ಣಬಲ್ಲನೆಂಬ ನಂಬಿಕೆಯಿಂದ ರೋಗಿಗಳು ಅಲ್ಲಿಗೆ ತಲೆತಲಾಂತರದಿಂದ ಬಂದಿದ್ದಾರೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿಯ ಪೂಜೆಯಿಂದ ವಾಸಿಯಾಯಿತೆಂದೂ, ಅವನು ದೇವರನ್ನು ಹಕೀಮ್ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿ. ದೇವರಿಗೆ ವೈದ್ಯನ ಬಿರುದು ದೊರೆತ ಊರಿನಲ್ಲಿ ರೋಗಿಗಳಿಗೆ ಬರವುಂಟೆ? 1891ರಲ್ಲಿ ಮೈಸೂರಿನಿಂದ ರೈಲು ಬಂದ ಮೇಲಂತೂ ಎತ್ತಿನ ಗಾಡಿಯಲ್ಲಿ ಬರಲಾರದವರೂ ಬರತೊಡಗಿದರು. ಬಂದವರು ಹೊಳೆಯಲ್ಲಿ ಮೀಯುವರು, ಮುಡಿ ಕೊಡುವರು, ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುವರು, ತೀರ್ಥ ತೆಗೆದುಕೊಳ್ಳುವರು. ಪರಶುರಾಮನ ಕೊಡಲಿಯೇಟಿನಿಂದ ಲಿಂಗದ ನೆತ್ತಿಯಲ್ಲಿ ರಕ್ತ ಚಿಮ್ಮಿದಾಗ ಹಸಿಮಣ್ಣನ್ನು ಮೆತ್ತಿ ಅದನ್ನು ನಿಲ್ಲಿಸಿದನೆಂಬ ಕಥೆಯನ್ನು ನೆನೆದು ಮೃತ್ತಿಕೆಯನ್ನೂ ಮದ್ದೆಂದು ಭಾವಿಸುವರು. ನೋಡಿ, ಅಲ್ಲಿಯೂ ಏಟು ಬಿದ್ದದ್ದು ತಲೆಗೆ. ಮದ್ದು ಹಚ್ಚಿದ್ದು ಹೊರಗಿನಿಂದ.

ನನ್ನ ಬಾಲ್ಯದಲ್ಲಿ ನಮ್ಮ ಬಂಧುಗಳಾದ ಹಿರಿಯ ಶಾನುಭೋಗರೊಬ್ಬರ ಸಂಗಡ ನಂಜನಗೂಡಿಗೆ ಹೋಗಿದ್ದುಂಟು. ಸುಮ್ಮನೆ ಕುಳಿತಾಗ ಅವರ ಕೈ ನೆಟ್ಟಗೇ ಇರುತ್ತಿತ್ತು. ಏನನ್ನಾದರೂ ಎತ್ತಿ ಹಿಡಿಯಲು ಹೋದೊಡನೆ ನಡುಗಲು ತೊಡಗುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವರ ಅಕ್ಷರ ಕೊನೆಗಾಲದಲ್ಲಿ ಇರುವೆ ಹರಿದಂತಾಗಿತ್ತು. ಗರ್ಭಗುಡಿಯ ಮುಂದೆ ಅರ್ಚಕರು ಉದ್ಧರಣೆಯನ್ನು ಮುಂದೆ ಮಾಡಿ, "ಎರಡು ಕೈಯೂ ಸೇರಿಸಿ ಹಿಡಿಯಿರಿ, ರಾಯರೆ" ಎಂದರು. "ಹಿಡಿದರೇನೇ ನಡುಗುವುದು, ಸ್ವಾಮಿ. ತಲೆಯ ಮೇಲೆ ಪ್ರೋಕ್ಷಿಸಿಬಿಡಿ" ಎಂದು ಅವರು ನಕ್ಕರು. ಆ ನಗೆಯ ಹಿಂದಿನ ಸಂಕೋಚ ಆಗ ನನಗೆ ಅರ್ಥವಾಗಲಿಲ್ಲ. ನಡುಕದ ಕಾರಣದಿಂದ ಅವರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನೇ ಬಿಟ್ಟಿದ್ದರೆಂಬುದು ತಿಳಿದದ್ದು ಬಹುಕಾಲದ ಮೇಲೆ.

ಇಂತಹ ನಡುಕಗಳನ್ನೆಲ್ಲ ನಮ್ಮವರು ಕಂಪವಾತವೆಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಸುಮ್ಮನಿರುವಾಗ ನಡುಗುವ ಪಾರ್ಕಿನ್ಸನ್ ರೋಗ ಒಂದು, ಕೆಲಸ ಮಾಡುವಾಗ ನಡುಗುವ ಈ ಬಗೆ ಇನ್ನೊಂದು ಎಂಬ ಭೇದ ಈಚಿನದು. ಕಂಪವಾತಕ್ಕೆ ನಸುಗುನ್ನಿಯ ಬೀಜವನ್ನು ಶುದ್ಧಿಮಾಡಿ ಕೊಡುವ ಪದ್ಧತಿ ವೈದ್ಯರಲ್ಲಿ ಇತ್ತು. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ ಲೆವೊಡೋಪವೆಂಬ ದ್ರವ್ಯವಿದೆಯೆಂಬುದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ರಸಾಯನಜ್ಞರು ತೋರಿಸಿದರು. ಪಾರ್ಕಿನ್ಸನ್ ರೋಗಕ್ಕೆ ಅದೇ ದ್ರವ್ಯ ಮುಖ್ಯವಾದ ಔಷಧವೆಂದು ಪಶ್ಚಿಮದ ವೈದ್ಯರು ಒಪ್ಪುವ ವೇಳೆಗೆ ಮತ್ತೆ ಮೂವತ್ತು ವರ್ಷ ಕಳೆದಿತ್ತು.

ಆಯುರ್ವೇದದ ವಿಚಾರದಲ್ಲಿ ನಂಜನಗೂಡಿನ ಹೆಸರು ದೇವಸ್ಥಾನದಾಚೆಗೂ ಹಬ್ಬಿದ್ದು ಬಿ. ವಿ. ಪಂಡಿತರಿಂದ. ಮೈಸೂರಿನಲ್ಲಿ 1908ರಲ್ಲಿ ಸರ್ಕಾರೀ ಆಯುರ್ವೇದ ಕಾಲೇಜು ಪ್ರಾರಂಭವಾಯಿತು. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿಯ ಗುಲಾಬಿ ಬಣ್ಣದ ಪೊಟ್ಟಣ ಹೋಗದ ಮನೆ ಹಳೆಯ ಮೈಸೂರು ಸೀಮೆಯಲ್ಲಿ ಇರಲಿಲ್ಲ. ನಂಜುಂಡನನ್ನು ಕಾಣದವರೂ ನಂಜನಗೂಡಿನ ಹೆಸರನ್ನು ಬೆಳಗಾಗೆದ್ದು ಬಾಯಲ್ಲಿ ಹಾಕಿಕೊಂಡರು. ಅಂತಹ ವೈದ್ಯಶಾಲೆಗಳ ಪಂಡಿತರು ಓದುತ್ತಿದ್ದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ತಲೆಗೆ ಎಣ್ಣೆಯನ್ನು ಸಲ್ಲಿಸುವ ನಾಲ್ಕು ಕ್ರಮಗಳಿವೆ: ಹಚ್ಚಿ ತಿಕ್ಕುವುದು, ಧಾರೆಯಾಗಿ ಸುರಿಯುವುದು, ಅದ್ದಿದ ಅರಳೆಯನ್ನು ನೆತ್ತಿಯ ಮೇಲಿಡುವುದು, ಶಿರೋಬಸ್ತಿ. ಒಂದಕ್ಕಿಂತ ಮುಂದಿನದು ಹೆಚ್ಚು ಬಲವುಳ್ಳದ್ದು. ಶಿರೋಬಸ್ತಿಯ ವಿಧಾನ ಹೀಗಿದೆ: ರೋಗಿಯ ತಲೆಯನ್ನು ನುಣ್ಣಗೆ ಬೋಳಿಸಿ, ಹನ್ನೆರಡು ಅಂಗುಲ ಎತ್ತರದ ಚರ್ಮದ ಟೊಪ್ಪಿಗೆಯನ್ನು ತೊಡಿಸಿ, ಉದ್ದಿನ ಹಿಟ್ಟಿನ ಕಣಕದಿಂದ ಸಂದುಗಳನ್ನು ಮುಚ್ಚಿ, ಬೆಚ್ಚಗಿನ ತೈಲವನ್ನು ಅದರೊಳಗೆ ತುಂಬಬೇಕು. ಎಷ್ಟು ಹೊತ್ತು? ವಾತವ್ಯಾಧಿಗೆ ಹತ್ತು ಸಾವಿರ ಮಾತ್ರೆಗಳಷ್ಟು ಕಾಲ, ಪಿತ್ತಕ್ಕೆ ಎಂಟು ಸಾವಿರ, ಕಫಕ್ಕೆ ಆರು ಸಾವಿರ, ಸ್ವಸ್ಥನಿಗೆ ಒಂದೇ ಸಾವಿರ. ಬೋಳಿಸಿದ ತಲೆ, ಟೊಪ್ಪಿಗೆ, ಅದರೊಳಗೆ ದ್ರವ, ಎಣಿಸಿದ ಕಾಲ. ಈ ಚಿತ್ರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ. ಮುಂದೆ ಇದು ಬೇಕಾಗುತ್ತದೆ.

ಇನ್ನು ಶಬ್ದದ ಕಡೆಯ ಕಥೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಅದನ್ನು ಮೀರಿದ್ದು ಶ್ರವಣಾತೀತ ಧ್ವನಿ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ನಾಯಿಗೆ ಕೇಳಿಸಿ ಯಜಮಾನನಿಗೆ ಕೇಳಿಸದ ಸೀಟಿಯೊಂದನ್ನು ಮಾಡಿದನು. ಆದರೆ ಬಲವಾದ ಶ್ರವಣಾತೀತ ಧ್ವನಿ ಹುಟ್ಟಿದ್ದು ಸ್ಫಟಿಕದಿಂದ. ಸ್ಫಟಿಕದ ಹಲ್ಲೆಯನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂಬುದನ್ನು 1880ರಲ್ಲಿ ಪ್ಯಾರಿಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಇದು ತಿರುವುಮುರುವಾಗಿಯೂ ನಡೆಯುವುದರಿಂದ, ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕ ಮಿಡಿಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಬ್‌ಮರೀನುಗಳನ್ನು ಪತ್ತೆಹಚ್ಚುವ ಉದ್ದೇಶದಿಂದ ಪಾಲ್ ಲಾಂಜೆವಿನ್ ಎಂಬ ಫ್ರೆಂಚ್ ವಿಜ್ಞಾನಿ ಇಂತಹ ಸ್ಫಟಿಕಗಳನ್ನು ನೀರಿನಲ್ಲಿ ಮಿಡಿಸಿದಾಗ, ಆ ಅಲೆಗೆ ಸಿಕ್ಕಿದ ಮೀನುಗಳು ಸತ್ತವು. ನೀರಿನಲ್ಲಿ ಕೈಯಿಟ್ಟವರಿಗೆ ನೋವಾಯಿತು. ಜೀವಿಗಳ ಮೇಲೆ ಈ ಧ್ವನಿಯ ಪ್ರಭಾವವನ್ನು ಜಗತ್ತು ಮೊದಲು ಕಂಡದ್ದು ಹೀಗೆ, ನೀರಿನಲ್ಲಿ ಸತ್ತು ತೇಲಿದ ಮೀನುಗಳಿಂದ. ನರಸೀಪುರದವರು ತಮ್ಮ ಗುಪ್ತವಾದ ಜಲಕ್ಕೆ ಸ್ಫಟಿಕವೆಂದು ಹೆಸರಿಟ್ಟವರು; ಕಾಣದ ಅಲೆಗೂ ಸ್ಫಟಿಕಕ್ಕೂ ಹೀಗೊಂದು ನಂಟು ಕಾಕತಾಳೀಯವಾಗಿ ಕೂಡಿಬಂದಿರುವುದನ್ನು ಕಂಡು ನಾನು ಒಂದು ಗಳಿಗೆ ಸುಮ್ಮನಾದೆ.

ಮೈಸೂರು ಸಂಸ್ಥಾನದ ಪಾಲು ಈ ಕಥೆಗೆ ಬಂದು ಸೇರುವುದು 1935ರಲ್ಲಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ನಿರ್ದೇಶಕರಾಗಿ 1933ರಲ್ಲಿ ಬಂದ ಸರ್ ಸಿ. ವಿ. ರಾಮನ್ ಅವರು ಮೃದಂಗದ ನಾದವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ್ದವರು. ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದ ಮೂಲಕ ಬೆಳಕಿನ ಕಿರಣವನ್ನು ಕಳುಹಿಸಿದರೆ ಅದು ಒಡೆದು ಹಲವು ಕಿರಣಗಳಾಗಿ ಹರಡಿಕೊಳ್ಳುವುದನ್ನು 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಕಂಡಿದ್ದರು. ಅದೇಕೆ ಹಾಗಾಗುವುದೆಂಬುದನ್ನು ಗಣಿತದಿಂದ ಬಿಡಿಸಿ ಹೇಳಿದವರು ರಾಮನ್ ಮತ್ತು ಅವರ ಶಿಷ್ಯ ನಾಗೇಂದ್ರನಾಥ್. ಅವರ ಲೇಖನಗಳು ಬೆಂಗಳೂರಿನಲ್ಲಿ ಆಗತಾನೆ ಸ್ಥಾಪಿತವಾಗಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 1935-36ರಲ್ಲಿ ಪ್ರಕಟವಾದವು. ಕಿವಿಗೆ ನಿಲುಕದ ಶಬ್ದದ ಆಕಾರವನ್ನು ಬೆಳಕಿನ ಮೂಲಕ ಕಣ್ಣಿಗೆ ತಂದು ಅಳೆಯುವುದಕ್ಕೆ ಈ ಸಿದ್ಧಾಂತ ಆಧಾರವಾಯಿತು. ಅಳತೆಯಿಲ್ಲದ ಶಕ್ತಿಯಿಂದ ಲಾಂಜೆವಿನ್ನನ ಮೀನುಗಳ ಗತಿಯಾಗುವುದೇ ಹೊರತು ಚಿಕಿತ್ಸೆಯಾಗುವುದಿಲ್ಲ; ಆದ್ದರಿಂದ ಬೆಂಗಳೂರಿನ ಈ ಕೆಲಸವನ್ನು ಕೇವಲ ಭೌತಶಾಸ್ತ್ರದ ಸೊತ್ತೆಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ.

ಮಿದುಳಿಗೆ ಇದನ್ನು ಪ್ರಯೋಗಿಸುವ ಸಾಹಸ 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಪ್ರಾಣಿಗಳ ಮೇಲೆ ಮೊದಲಾಯಿತು. ಅಡ್ಡಿಯಾದದ್ದು ಬುರುಡೆ. ಮೂಳೆ ಶಬ್ದವನ್ನು ಹೀರಿಕೊಂಡು ಕಾಯುತ್ತದೆ, ಹಾದುಹೋದ ಅಲೆಯನ್ನೂ ದಾರಿ ತಪ್ಪಿಸುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಫ್ರೈ ಮತ್ತು ಫ್ರಾನ್ಸಿಸ್ ಫ್ರೈ ಎಂಬ ಸೋದರರು ನಾಲ್ಕು ಸ್ಫಟಿಕಗಳ ಧ್ವನಿಯನ್ನು ಒಂದೇ ಬಿಂದುವಿನಲ್ಲಿ ಕೂಡಿಸುವ ಯಂತ್ರವನ್ನು ಕಟ್ಟಿದರು. ಅಯೋವಾದ ಶಸ್ತ್ರವೈದ್ಯ ರಸೆಲ್ ಮೇಯರ್ಸನ ಸಹಕಾರದಿಂದ 1950ರ ದಶಕದ ಕೊನೆಯಲ್ಲಿ ಪಾರ್ಕಿನ್ಸನ್ ರೋಗಿಗಳ ಮಿದುಳನ್ನು ಮುಟ್ಟಿದರು. ಆದರೆ ಶಬ್ದಕ್ಕೆ ದಾರಿ ಬಿಡಲು ಬುರುಡೆಯ ಒಂದು ಹೋಳನ್ನು ತೆಗೆಯಲೇಬೇಕಾಗಿತ್ತು. ಬಾಗಿಲನ್ನು ಒಡೆದೇ ಒಳಗೆ ಹೋಗುವುದಾದರೆ ಮಂತ್ರದ ಬೀಗದಕೈ ಏತಕ್ಕೆ? ಮುಂದೆ ಲೆವೊಡೋಪ ಬಂದಿತು. ಯಂತ್ರ ಮೂಲೆ ಸೇರಿತು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಬಾಗಿಲೊಡೆಯದೆ ಒಳಹೋಗುವ ಯೋಚನೆ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯಾಗಿ ಹುಟ್ಟಿ, 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಮಗ್ಗುಲಲ್ಲಿ ಕಂಡು, 1974ರಲ್ಲಿ ಅದರೊಡನೆ ಕೂಡಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ಅವರು ನರಶಸ್ತ್ರವೈದ್ಯರಾಗಿದ್ದರು. ಬುರುಡೆಯ ತಳದಲ್ಲಿ ಮುಖದ ನರವೊಂದು ಹೊರಬರುವ ಅಂಡಾಕಾರದ ರಂಧ್ರ ನಿಸರ್ಗದತ್ತವಾಗಿಯೇ ಇದೆ. ಕೆನ್ನೆಯ ಮೂಲಕ ಸೂಜಿಯನ್ನು ಅದರೊಳಗೆ ಸಾಗಿಸಿ ಮಿದುಳಿನ ಆಳದ ಬಿಂದುವಿಗೆ ಔಷಧವನ್ನು ಸೇರಿಸಿ ನಡುಕವನ್ನು ತಗ್ಗಿಸುವ ಅವರ ಕ್ರಮ ವರ್ಮ ವಿಧಾನವೆಂದು ಹೆಸರಾಯಿತು. ಮೂಳೆಯನ್ನು ಕೊರೆಯುವ ದೊಡ್ಡ ಸಲಕರಣೆ ಬೇಡದ ಆ ಉಪಾಯ ಬಡದೇಶದ ವೈದ್ಯನ ಬುದ್ಧಿಗೆ ಹೊಳೆದದ್ದು ಆಶ್ಚರ್ಯವಲ್ಲ. ನಂಜನಗೂಡಿನ ಮುಡಿ, ತೀರ್ಥಗಳ ಅನಂತರ ಮೈಸೂರು ಸೀಮೆಯ ನಡುಗುವ ಕೈಗಳು ಹಿಡಿದ ದಾರಿ ಬೆಂಗಳೂರಿನ ಈ ಆಸ್ಪತ್ರೆಯದು. ನಮ್ಮ ಶಾನುಭೋಗರು ಮಾತ್ರ ಹೋಗಲಿಲ್ಲ. ದೇವರು ಕೊಟ್ಟ ನಡುಕ ದೇವರ ಜೊತೆಗೇ ಹೋಗಲಿ ಎಂದುಬಿಟ್ಟರು.

ಬುರುಡೆಯ ಅಡ್ಡಿ ಪರಿಹಾರವಾದದ್ದು ಗಣಕಯಂತ್ರವೂ ಎಂ.ಆರ್.ಐ. ಯಂತ್ರವೂ ಬಂದ ಮೇಲೆ. ಫಿನ್ಲೆಂಡಿನಿಂದ ಉತ್ತರ ಅಮೆರಿಕಕ್ಕೆ ಹೋದ ಕುಲ್ಲೆರ್ವೊ ಹುನುನೆನ್ ಮೊದಲಾದವರು ಕೆಲವೇ ಸ್ಫಟಿಕಗಳ ಸ್ಥಾನದಲ್ಲಿ ನೂರಾರು ಮಿಡಿಯುವ ಹಲ್ಲೆಗಳನ್ನು ಅರ್ಧಗೋಳದಂತೆ ಜೋಡಿಸಿದರು. ಈಗಿನ ಯಂತ್ರದಲ್ಲಿ ಅಂತಹವು 1024 ಇವೆ. ರೋಗಿಯ ಬುರುಡೆಯ ದಪ್ಪ ಎಲ್ಲೆಲ್ಲಿ ಎಷ್ಟೆಷ್ಟು ಎಂಬುದನ್ನು ಸಿ.ಟಿ. ಚಿತ್ರದಿಂದ ತಿಳಿದು, ಒಂದೊಂದು ಹಲ್ಲೆಯ ಅಲೆಯನ್ನೂ ತುಸು ಮುಂಚೆಯೋ ತುಸು ತಡವಾಗಿಯೋ ಹೊರಡಿಸಿ, ಎಲ್ಲವೂ ಒಂದೇ ಕ್ಷಣಕ್ಕೆ ಒಂದೇ ಬಿಂದುವನ್ನು ತಲಪುವಂತೆ ಮಾಡುತ್ತಾರೆ. ಒಂಟಿಯಾಗಿ ಹರಿಯುವ ಯಾವ ಅಲೆಯೂ ತನ್ನ ದಾರಿಯಲ್ಲಿ ಹಾನಿಮಾಡುವಷ್ಟು ಬಲವುಳ್ಳದ್ದಲ್ಲ. ಕೂಡಲಿನಲ್ಲಿ ಮಾತ್ರ ಶಕ್ತಿಯುಂಟು. ಸಂಗಮದ ತೀರದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳುವ ಆವಶ್ಯಕತೆಯಿಲ್ಲ.

ಚಿಕಿತ್ಸೆಯ ದಿನ ನಡೆಯುವುದನ್ನು ಕೇಳಿ. ರೋಗಿಯ ತಲೆಯನ್ನು ನುಣ್ಣಗೆ ಬೋಳಿಸುತ್ತಾರೆ. ತಲೆಯ ಸುತ್ತ ರಬ್ಬರಿನಂತಹ ಪೊರೆಯನ್ನು ಬಿಗಿದು, ಅದರ ಮೇಲಿನ ಶಿರಸ್ತ್ರಾಣದೊಳಕ್ಕೆ ಗಾಳಿಯ ಗುಳ್ಳೆಯಿಲ್ಲದ ತಣ್ಣೀರನ್ನು ತುಂಬಿ ಹರಿಸುತ್ತಾರೆ. ಅಲೆಗೆ ಆ ನೀರೇ ವಾಹನ, ಬುರುಡೆ ಕಾಯದಂತೆ ಅದೇ ರಕ್ಷೆ. ವಾಗ್ಭಟನ ಶಿರೋಬಸ್ತಿಯ ಚಿತ್ರ ಇಲ್ಲಿ ಓದುಗರ ಕಣ್ಮುಂದೆ ಬರುವುದು ಸಹಜ. ಆದರೆ ಈ ಸಾಮ್ಯವನ್ನು ಹಿಡಿದುಕೊಂಡು ನಮ್ಮ ಪೂರ್ವಿಕರಿಗೆ ಶ್ರವಣಾತೀತ ಧ್ವನಿ ತಿಳಿದಿತ್ತೆಂದು ಭಾಷಣ ಮಾಡುವವರಿದ್ದಾರಾದರೆ ಅವರಿಗೆ ನನ್ನ ದೂರದಿಂದಲೇ ನಮಸ್ಕಾರ. ಅಲ್ಲಿ ಬಿಸಿ ತೈಲ, ಇಲ್ಲಿ ತಣ್ಣೀರು. ಅಲ್ಲಿ ಕೆಲಸ ಮಾಡುವುದು ಸ್ನೇಹ, ಇಲ್ಲಿ ಕಂಪನ. ಎರಡಕ್ಕೂ ಸಮಾನವಾದದ್ದು ಒಂದೇ: ಎಷ್ಟು, ಎಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದವನು ತಲೆಗೆ ಕೈಹಾಕಬಾರದೆಂಬ ವಿವೇಕ.

ಆ ವಿವೇಕ ಹೊಸ ವಿದ್ಯೆಯಲ್ಲಿ ಹೇಗೆ ನೆಲೆಗೊಂಡಿದೆಯೆಂದರೆ, ವೈದ್ಯರು ಮೊದಲು ಅಲ್ಪಪ್ರಮಾಣದಲ್ಲಿ ಧ್ವನಿಯನ್ನು ಕೊಟ್ಟು ಆ ಬಿಂದುವನ್ನು ಕೊಂಚ ಮಾತ್ರ ಬೆಚ್ಚಗೆ ಮಾಡುತ್ತಾರೆ. ನಡುಕ ಕ್ಷಣಕಾಲ ತಗ್ಗಿದರೆ ಜಾಗ ಸರಿಯೆಂದು ಅರ್ಥ. ನಾಲಗೆ ತೊದಲಿದರೆ, ಬೆರಳು ಜುಮುಗುಟ್ಟಿದರೆ, ಗುರಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಎಲ್ಲ ಖಚಿತವಾದ ಮೇಲೆಯೇ ಶಾಖವನ್ನು 55 ಡಿಗ್ರಿ ಸೆಲ್ಸಿಯಸ್ಸಿನ ಮೇಲಕ್ಕೇರಿಸಿ ಗುಲಗಂಜಿಯಷ್ಟು ಜಾಗವನ್ನು ಶಾಶ್ವತವಾಗಿ ಮೌನಗೊಳಿಸುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಸುಡದೆ ಎಚ್ಚರಿಸುವ ವಿದ್ಯೆಯ ಬೇರು ಇನ್ನೂ ಹಳೆಯದು. ಶ್ರವಣಾತೀತ ಧ್ವನಿಯಿಂದ ಕಪ್ಪೆ, ಆಮೆಗಳ ಸ್ನಾಯುಗಳು ಉದ್ರೇಕಗೊಳ್ಳುವುದನ್ನು 1929ರಲ್ಲಿ ನ್ಯೂಟನ್ ಹಾರ್ವಿ ಕಂಡಿದ್ದನು. ಬೆಕ್ಕಿನ ಮಿದುಳಿನಲ್ಲಿ ದೃಷ್ಟಿಯ ಸಂದೇಶ ಹಾಯುವ ಎಡೆಗೆ ಫ್ರೈ ಸೋದರರ ತಂಡ 1958ರಲ್ಲಿ ಹದವಾಗಿ ಧ್ವನಿ ಕೊಟ್ಟಾಗ ಆ ಸಂದೇಶ ಕುಗ್ಗಿತು, ಅನಂತರ ಮರಳಿತು. ಅರ್ಧ ಶತಮಾನದ ಮೇಲೆ, 2008ರಲ್ಲಿ, ವಿಲಿಯಂ ಟೈಲರ್ ಮತ್ತು ಸಂಗಡಿಗರು ಇಲಿಯ ಮಿದುಳಿನ ತುಣುಕುಗಳಲ್ಲಿ ನರಕೋಶಗಳನ್ನು ಈ ಧ್ವನಿಯಿಂದಲೇ ಮಿಡಿಸಿದರು. 2014ರಲ್ಲಿ ಮನುಷ್ಯರ ನೆತ್ತಿಯ ಹೊರಗಿನಿಂದ ಧ್ವನಿ ಕೊಟ್ಟು ಸ್ಪರ್ಶಪ್ರಜ್ಞೆಯ ಚಟುವಟಿಕೆಯನ್ನು ಬದಲಿಸಿದ ವರದಿ ಬಂದಿತು. ನರಕೋಶದ ಪೊರೆಯಲ್ಲಿರುವ, ಒತ್ತಿದರೆ ತೆರೆದುಕೊಳ್ಳುವ ಸೂಕ್ಷ್ಮದ್ವಾರಗಳನ್ನು ಅಲೆಗಳು ತಟ್ಟುವುವೆಂಬುದು ಮುಖ್ಯವಾದ ವಿವರಣೆ. ನಿಮ್ಹಾನ್ಸಿನಲ್ಲಿ ಕಾಂತದ ಮಿಡಿತದಿಂದಲೂ ಮಂದವಾದ ವಿದ್ಯುತ್ತಿನಿಂದಲೂ ಮಿದುಳನ್ನು ಹೊರಗಿನಿಂದ ಪ್ರಚೋದಿಸುವ ಚಿಕಿತ್ಸೆಗಳು ನಡೆಯುತ್ತವೆ. ಅವು ಮುಟ್ಟುವುದು ಬಹುಪಾಲು ಮಿದುಳಿನ ಮೇಲ್ಪದರವನ್ನು. ಆಳದ ಸಣ್ಣ ಬಿಂದುವನ್ನು ಹೊರಗಿನಿಂದಲೇ ಮುಟ್ಟುವ ಸಾಮರ್ಥ್ಯ ಶಬ್ದದ್ದು.

ಇಷ್ಟರಲ್ಲಿ 2018ರಲ್ಲಿ ಒಂದು ತಮಾಷೆಯ ತೊಡಕು ಬಂದಿತು. ಗಿನಿಯಿಲಿ ಮತ್ತು ಇಲಿಗಳ ಮಿದುಳು ಈ ಧ್ವನಿಗೆ ಮಿಡಿದದ್ದು ಎಷ್ಟೋ ಮಟ್ಟಿಗೆ ಕಿವಿಯ ಮೂಲಕವೇ ಎಂದು ಎರಡು ಪ್ರಯೋಗಶಾಲೆಗಳು ತೋರಿಸಿದವು. ಮೂಳೆಯ ಮೂಲಕ ಸಾಗಿದ ಕಂಪನ ಒಳಗಿವಿಯನ್ನು ತಟ್ಟಿತ್ತು. ಕೇಳಿಸದ ಶಬ್ದವೆಂದು ನಂಬಿದ್ದು ಪ್ರಾಣಿಗೆ ಕೇಳಿಸಿತ್ತು! ಅಂದಿನಿಂದ ಸಂಶೋಧಕರು ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಕಿವಿಗೆ ಬೇರೊಂದು ಸದ್ದನ್ನು ಕೊಟ್ಟು ಮರೆಮಾಡಿ, ಅಲೆಯ ಆದಿಯಂತ್ಯಗಳನ್ನು ನುಣುಪುಗೊಳಿಸಿ, ಎರಡನ್ನೂ ಬೇರ್ಪಡಿಸುವ ಎಚ್ಚರ ವಹಿಸುತ್ತಾರೆ. ಎಚ್ಚರಿಸುವ ಧ್ವನಿ ಇಂದಿಗೂ ಸಂಶೋಧನೆಯ ಮನೆಯಲ್ಲಿರುವ ವಸ್ತು. ಬುದ್ಧಿ ಚುರುಕಾಗುವುದೆಂದು ಹೇಳಿ ಅದನ್ನು ಪೇಟೆಯಲ್ಲಿ ಮಾರಲು ಬರುವವನನ್ನು ನಂಬತಕ್ಕದ್ದಲ್ಲ.

ಮತ್ತೆ ಶಾಖದ ಚಿಕಿತ್ಸೆಗೇ ಬರೋಣ. ಅಲ್ಲಿ ನಡುಕದ ರೋಗಿಯನ್ನು ಯಂತ್ರದಿಂದ ಮತ್ತೆ ಮತ್ತೆ ಹೊರಗೆಳೆದು ಪರೀಕ್ಷಿಸುತ್ತಾರೆ. ಅವನು ಉದ್ದಕ್ಕೂ ಎಚ್ಚರವಾಗಿಯೇ ಇರುತ್ತಾನೆ. ಹಲಗೆಯ ಮೇಲಿನ ಕಾಗದದಲ್ಲಿ ಸುರುಳಿಯೊಂದನ್ನು ಬರೆಯಬೇಕು, ನೆಟ್ಟಗೆ ಒಂದು ಗೆರೆ ಎಳೆಯಬೇಕು. ಚಿಕಿತ್ಸೆಗೆ ಮುಂಚೆಯೂ ತಿಂಗಳುಗಳ ಅನಂತರವೂ ನಡುಕದ ಪ್ರಮಾಣವನ್ನು ನಿರ್ಣಯಿಸುವುದಕ್ಕೆ ಇನ್ನೊಂದು ಪರೀಕ್ಷೆಯಿದೆ: ರೋಗಿ ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರನ್ನು ಸುರಿಯಬೇಕು, ಎಷ್ಟು ಚೆಲ್ಲಿತೆಂಬುದನ್ನು ನೋಡಿ ಅಂಕ ಹಾಕುತ್ತಾರೆ.